ವ್ಯಸನಮುಕ್ತಿ ಕೇಂದ್ರದಿಂದ ಮನೆಗೆ ಬಂದ ಮೊದಲ ವಾರ: ಆ ಗೊರಕೆಯನ್ನು ನಿದ್ದೆ ಅಂದುಕೊಳ್ಳಬೇಡಿ

ಮೂರು ತಿಂಗಳು ಕೇಂದ್ರದಲ್ಲಿದ್ದು ಬಂದ ಮಗನ ಕೆನ್ನೆ ತುಂಬಿಕೊಂಡಿರುತ್ತದೆ. ಹೊಟ್ಟೆ ತುಂಬ ಉಣ್ಣುತ್ತಾನೆ. ಮನೆಯವರಿಗೆ ಹೋದ ಜೀವ ಬಂದಂತೆ. ನಾಲ್ಕನೇ ದಿನ ಹಳೆಯ ಗೆಳೆಯರು ಸಿಗುತ್ತಾರೆ, ‘ಒಂದೇ ಒಂದು ಸಲ’ ಎಂದು ಹಳೆಯ ಅಳತೆಯಲ್ಲೇ ತೆಗೆದುಕೊಳ್ಳುತ್ತಾನೆ. ರಾತ್ರಿ ಕೋಣೆಯಿಂದ ಜೋರು ಗೊರಕೆ. ತಾಯಿ ಬಾಗಿಲಲ್ಲಿ ನಿಂತು, ಪಾಪ, ಇವತ್ತಾದರೂ ಒಳ್ಳೆ ನಿದ್ದೆ ಹತ್ತಿತಲ್ಲ ಎಂದು ದೀಪ ಆರಿಸಿ ಹೋಗುತ್ತಾಳೆ. ಬೆಳಿಗ್ಗೆ ಮೈ ತಣ್ಣಗಾಗಿರುತ್ತದೆ.

ಹೆರಾಯಿನ್, ಟ್ಯಾಪೆಂಟಡಾಲ್, ಟ್ರಮಡಾಲ್ ಎಂಬ ನೋವಿನ ಗುಳಿಗೆಗಳಂಥ ಅಫೀಮು ಜಾತಿಯ ಮಾದಕಗಳಲ್ಲಿ ಸಾವು ಬರುವ ಒಂದು ದಾರಿ ಇದು. ದಿನಾ ತೆಗೆದುಕೊಳ್ಳುತ್ತಿದ್ದಾಗ ದೇಹ ಅದನ್ನು ತಾಳಿಕೊಳ್ಳಲು ಕಲಿತಿರುತ್ತದೆ. ಬಿಟ್ಟ ಕೆಲವೇ ದಿನ, ವಾರಗಳಲ್ಲಿ ಆ ತಾಳಿಕೆ ಕರಗುತ್ತದೆ. ಆಸೆ ಮಾತ್ರ ಹಾಗೇ ಉಳಿದಿರುತ್ತದೆ. ಮೊನ್ನೆ ದಕ್ಕಿದ ಅಳತೆಗೇ ಇಂದು ಉಸಿರು ನಿಲ್ಲುತ್ತದೆ. ಜೊತೆಗೆ ಮದ್ಯವೋ ಅಲ್‌ಪ್ರಜೋಲಮ್‌ನಂಥ ನಿದ್ದೆ ಗುಳಿಗೆಯೋ ಸೇರಿದ್ದರೆ ಇನ್ನೂ ಬೇಗ.

ಗುರುತು ಹೀಗಿರುತ್ತದೆ: ಗೊರಗೊರ ಎಂದು ಕಟ್ಟಿದಂಥ ಗೊರಕೆ, ನಡುನಡುವೆ ಉಸಿರೇ ಇಲ್ಲ, ತುಟಿ, ಉಗುರು ನೀಲಿ ಅಥವಾ ಬೂದು, ಕಣ್ಣಪಾಪೆ ಸೂಜಿಮೊನೆಯಷ್ಟು. ಜೋರಾಗಿ ಕೂಗಿ, ಎದೆಮೂಳೆಯ ಮೇಲೆ ಗೆಣ್ಣಿನಿಂದ ಉಜ್ಜಿ. ಏಳದಿದ್ದರೆ ತಕ್ಷಣ 108. ಉಸಿರು ಆಡುತ್ತಿದ್ದರೆ ಒಂದು ಪಕ್ಕಕ್ಕೆ ಮಲಗಿಸಿ, ವಾಂತಿ ಗಂಟಲಿಗೆ ಇಳಿಯಬಾರದು. ಉಸಿರು ನಿಂತಿದ್ದರೆ ತಲೆ ಹಿಂದಕ್ಕೆ ಬಾಗಿಸಿ, ಮೂಗು ಮುಚ್ಚಿ, ಐದು ಸೆಕೆಂಡಿಗೊಮ್ಮೆ ಬಾಯಿಗೆ ಉಸಿರು ಊದಿ. 108ರವರು ಫೋನಿನಲ್ಲಿ ಹೇಳಿದಂತೆ ಮಾಡಿ. ನಿಂಬೆರಸ, ಉಪ್ಪುನೀರು, ಮಜ್ಜಿಗೆ ಏನನ್ನೂ ಬಾಯಿಗೆ ಹಾಕಬೇಡಿ. ಏನು ತೆಗೆದುಕೊಂಡ ಎಂಬುದನ್ನು ವೈದ್ಯರಿಂದ ಮುಚ್ಚಿಡಬೇಡಿ, ಗುಳಿಗೆಯ ಖಾಲಿ ಹಾಳೆ ಸಿಕ್ಕರೆ ಕೈಯಲ್ಲೇ ಒಯ್ಯಿರಿ. ಈ ಮಾದಕಗಳ ಪ್ರಭಾವ ತಡೆಯುವ ನಲಾಕ್ಸೋನ್ ಎಂಬ ಮದ್ದನ್ನು ಚುಚ್ಚಿದ ಮೇಲೆ ಎದ್ದು ಕುಳಿತ ಎಂದು ಆಸ್ಪತ್ರೆಯಿಂದ ಕರೆತಂದುಬಿಡಬೇಡಿ. ಅದರ ಪ್ರಭಾವ 30ರಿಂದ 90 ನಿಮಿಷದಲ್ಲಿ ಇಳಿಯುತ್ತದೆ, ಒಳಗಿನ ಮಾದಕ ಮತ್ತೆ ಉಸಿರನ್ನು ಅದುಮಬಹುದು.

ಇನ್ನು ಕೇಂದ್ರದ ವಿಷಯ. ರಾತ್ರೋರಾತ್ರಿ ನಾಲ್ಕು ಜನ ಬಂದು ಎತ್ತಿಕೊಂಡು ಹೋಗುವ, ಫೋನು ಕಿತ್ತಿಟ್ಟು ಬೀಗ ಹಾಕುವ, ‘ತಿಂಗಳವರೆಗೆ ನೋಡಲು ಬರಬೇಡಿ’ ಎನ್ನುವ ಕಡೆಗೆ ದುಡ್ಡು ಕಟ್ಟಬೇಡಿ. ದಯವಿಟ್ಟು. ಅಲ್ಲಿ ನಡೆಯುವುದು ಕೂಡಿಹಾಕುವುದಷ್ಟೇ. ಮದ್ಯ ಅಥವಾ ನಿದ್ದೆ ಗುಳಿಗೆಯ ಚಟವಿದ್ದವನಿಗೆ ವೈದ್ಯರಿಲ್ಲದೆ ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬಂದು ಪ್ರಾಣವೇ ಹೋಗಬಹುದು. ಸೇರಿಸುವ ಮೊದಲು ಕೇಳಿ: ಮನೋವೈದ್ಯರು ವಾರಕ್ಕೆ ಎಷ್ಟು ಸಲ ಬರುತ್ತಾರೆ? ರಾತ್ರಿ ನರ್ಸ್ ಇರುತ್ತಾರಾ? 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಡಿ ನೋಂದಣಿ ಆಗಿದೆಯಾ, ಪತ್ರ ತೋರಿಸಿ. ಮನೆಗೆ ಕಳಿಸಿದ ಮೇಲೆ ಯಾವ ಔಷಧಿ? ಈ ಕೊನೆಯ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ಎದ್ದು ಬನ್ನಿ. ಅಫೀಮು ಜಾತಿಯ ಚಟಕ್ಕೆ ಬುಪ್ರೆನಾರ್ಫಿನ್ ಎಂಬ ನಾಲಿಗೆಯಡಿ ಇಡುವ ಗುಳಿಗೆ ಇದೆ. ವೈದ್ಯರ ನಿಗಾದಲ್ಲಿ ತಿಂಗಳು, ವರ್ಷಗಟ್ಟಲೆ ತೆಗೆದುಕೊಂಡವರು ಬದುಕುಳಿಯುವ ಸಾಧ್ಯತೆ ಹೆಚ್ಚು. ‘ಒಂದು ಚಟ ಬಿಡಿಸಿ ಇನ್ನೊಂದು ಹಚ್ಚುತ್ತಾರೆ’ ಎಂಬ ಮಾತಿಗೆ ಹೆದರಿ ಅರ್ಧಕ್ಕೆ ನಿಲ್ಲಿಸುವುದೇ ಅಪಾಯ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವಿದೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರ. ಜಿಲ್ಲಾಸ್ಪತ್ರೆಯ ಮನೋವೈದ್ಯ ವಿಭಾಗದಲ್ಲೂ ವಿಚಾರಿಸಿ. ಮೊದಲು ಮಾತಾಡಬೇಕಿದ್ದರೆ ವ್ಯಸನಮುಕ್ತಿ ಸಹಾಯವಾಣಿ 14446, ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416, ಎರಡಕ್ಕೂ ದುಡ್ಡಿಲ್ಲ.

ಪೊಲೀಸರ ಭಯಕ್ಕೆ ಆಸ್ಪತ್ರೆ ತಪ್ಪಿಸುವವರು ತುಂಬ ಜನ. ಮಾದಕ ವಸ್ತುಗಳ ಕುರಿತ 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮನ್ನು ವಕೀಲರ ಬಳಿ ಕೇಳಿ ತಿಳಿದುಕೊಳ್ಳಿ: ಸೇವನೆ ಅಥವಾ ಅಲ್ಪ ಪ್ರಮಾಣದ ಮಾದಕದ ಆರೋಪವಿರುವ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಸರ್ಕಾರದ ಮಾನ್ಯತೆ ಪಡೆದ ಕಡೆ ಚಿಕಿತ್ಸೆಗೆ ಬಂದರೆ ಮೊಕದ್ದಮೆಯಿಂದ ರಕ್ಷಣೆ ಸಿಗುತ್ತದೆ. ಚಿಕಿತ್ಸೆ ಪೂರ್ತಿ ಮಾಡದಿದ್ದರೆ ಆ ರಕ್ಷಣೆಯನ್ನು ಹಿಂಪಡೆಯಬಹುದು.