ಚಾಕುವಿನ ಹಿಡಿಗೆ ಲಿನ್ಸೀಡ್ ಎಣ್ಣೆ: ಮೂರು ಮಳೆಗಾಲ ಕಳೆದ ಮೇಲೆ

ತರಕಾರಿ ಚಾಕುವಿನ ಪ್ಲಾಸ್ಟಿಕ್ ಹಿಡಿ ಒಡೆದಿತ್ತು. ಅಲಗು ಚೆನ್ನಾಗೇ ಇತ್ತು, ಎಸೆಯಲು ಮನಸ್ಸಾಗಲಿಲ್ಲ. ಬೀಟೆ ಹಿಡಿ ಹಾಕುವ ಆಸೆ. ಆದರೆ ಅದರಲ್ಲೇ ಎಣ್ಣೆಯಂಶ ಜಾಸ್ತಿ, ಅಂಟೂ ಸರಿಯಾಗಿ ಹಿಡಿಯಲ್ಲ, ಮೇಲೆ ಹಚ್ಚಿದ್ದೂ ಬೇಗ ಒಣಗಲ್ಲ. ಹಿತ್ತಲಲ್ಲಿ ಹಳೇ ಹುಣಸೆ ಮರದ ತುಂಡು ಬಿದ್ದಿತ್ತು. ಅದರ ಕಪ್ಪು ಚೇಗಿನಿಂದ, ಅಂದರೆ ನಡುವಿನ ಗಟ್ಟಿ ಭಾಗದಿಂದ, ಹಿಡಿ ಮಾಡಿದೆ. ಬಿಳಿ ಭಾಗ ಬೇಡ, ಹುಳು ಹಿಡಿಯುತ್ತದೆ.

ಮೊದಲು ಹಚ್ಚಿದ್ದು ವಾರ್ನಿಷ್. ಕನ್ನಡಿ ಹಾಗೆ ಹೊಳೆಯಿತು. ನಾಲ್ಕೇ ತಿಂಗಳಿಗೆ ಅಂಗೈ ತಾಗುವ ಕಡೆ ಎದ್ದು, ಅದರ ಕೆಳಗೆ ನೀರು ಇಳಿದು, ಮರ ಕಪ್ಪಾಯಿತು. ಎಲ್ಲ ಕೆರೆದು ತೆಗೆದು ಬಣ್ಣದಂಗಡಿಯಿಂದ ಡಬಲ್ ಬಾಯ್ಲ್ಡ್ ಲಿನ್ಸೀಡ್ ತಂದೆ. ಅಗಸೆ ಎಣ್ಣೆಯೇ, ಆದರೆ ಬೇಗ ಒಣಗಲಿ ಅಂತ ಇದಕ್ಕೆ ಬೇರೆ ಪದಾರ್ಥ ಸೇರಿಸಿರುತ್ತಾರೆ. ಬಾಯಿಗೆ ಹಾಕುವಂಥದ್ದಲ್ಲ. ದಿನಸಿ ಅಂಗಡಿಯ ಅಗಸೆ ಎಣ್ಣೆ ಹಚ್ಚಿದರೆ ವಾರಗಟ್ಟಲೆ ಕಾಯಬೇಕು.

220 ನಂಬರಿನ ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಿ, ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಮರದ ನಾರು ಮುಳ್ಳಿನ ಹಾಗೆ ಎದ್ದು ನಿಲ್ಲುತ್ತದೆ. ಒಣಗಿದ ಮೇಲೆ ಇನ್ನೂ ನಯವಾದ 400ರಲ್ಲಿ ಉಜ್ಜಿದರೆ ಮತ್ತೆ ಏಳಲ್ಲ. ಆಮೇಲೆ ಎಣ್ಣೆ. ಹಚ್ಚುವುದು ದೊಡ್ಡದಲ್ಲ, ಒರೆಸುವುದೇ ಕೆಲಸ. ಹದಿನೈದು ನಿಮಿಷ ಬಿಟ್ಟು, ಒಂದು ಹನಿಯೂ ಮೇಲೆ ನಿಲ್ಲದ ಹಾಗೆ ಒರೆಸಬೇಕು. ದಪ್ಪಗಿದ್ದರೆ ಒಳ್ಳೇದು ಅಂತ ಮೊದಲ ಸಲ ನಾನು ಸುಮ್ನೆ ಬಿಟ್ಟೆ. ಎರಡು ವಾರವಾದರೂ ಬೆಲ್ಲದ ಪಾಕದ ಹಾಗೆ ಜಿಗುಟು! ಟರ್ಪೆಂಟೈನ್ ಹಾಕಿ ತೆಗೆದು ಮತ್ತೆ ಶುರು. ದಿನಕ್ಕೊಂದರಂತೆ ಐದು ಕೋಟ್.

ಈಗ ಮೂರು ವರ್ಷ. ಬಣ್ಣ ಇನ್ನಷ್ಟು ಗಾಢವಾಗಿದೆ, ಒದ್ದೆ ಕೈಯಲ್ಲಿ ಜಾರಲ್ಲ. ಮಂಕಾದರೆ ಒಂದು ಕೋಟ್ ಸಾಕು, ಕೆರೆಯುವ ಕೆಲಸವೇ ಇಲ್ಲ. ವಾರ್ನಿಷ್‌ನಲ್ಲಿ ಇದಾಗಲ್ಲ ಅಲ್ವಾ? ಆದರೆ ಮಳೆಗಾಲದಲ್ಲಿ ಹಿಡಿಯನ್ನು ಅಲಗಿಗೆ ಬಿಗಿದ ರಿವಿಟ್ ಮೊಳೆಗಳ ಸುತ್ತ ಬೂಸ್ಟು ಬರುತ್ತದೆ, ಪ್ರತಿ ವರ್ಷವೂ. ಚಾಕುವನ್ನು ಪಾತ್ರೆಗಳ ಜೊತೆ ಸಿಂಕಿನಲ್ಲಿ ನೆನೆಹಾಕುವ ಮನೆಗೆ ಈ ಎಣ್ಣೆ ಆಗಿಬರಲ್ಲ.

ಎಣ್ಣೆ ಒರೆಸಿದ ಬಟ್ಟೆಯ ಬಗ್ಗೆ ಮಾತ್ರ ಹುಷಾರು. ಗಾಳಿ ಸೇರಿ ಎಣ್ಣೆ ಗಟ್ಟಿಯಾಗುವಾಗ ಬಿಸಿಯಾಗುತ್ತದೆ, ಮುದ್ದೆ ಮಾಡಿಟ್ಟರೆ ತಾನಾಗಿಯೇ ಬೆಂಕಿ ಹತ್ತಬಹುದು. ನಮ್ಮತ್ತೆ ಒಮ್ಮೆ ಅದನ್ನು ಮಡಚಿ ಮೂಲೆಯಲ್ಲಿಟ್ಟಿದ್ದರು. ಎತ್ತಿದರೆ ಒಳಮಡಿಕೆ ಆಗಲೇ ಬೆಚ್ಚಗಿತ್ತು. ಈಗ ಅಂಗಳದ ತಂತಿಯ ಮೇಲೆ ಹರವುತ್ತೇನೆ.

ಅರ್ಧ ಖಾಲಿಯಾದ ಡಬ್ಬಿಯಲ್ಲಿ ಎಣ್ಣೆಯ ಮೇಲೆ ಹಾಲಿನ ಕೆನೆಯಂತೆ ಪದರ ಕಟ್ಟಿತ್ತು. ಸೋಸಿ ಸಣ್ಣ ಬಾಟಲಿಗೆ ಸುರಿದಿಟ್ಟಿದ್ದೇನೆ. ಮುಂದಿನ ಸರದಿ ಅತ್ತೆಯ ಈಳಿಗೆಮಣೆಯದು.