ಫೀಲ್ಡ್ ಡೈರಿಗೆ ಯಾವ ಪುಸ್ತಕ? ಹೊಲಿದ ಬೈಂಡಿನ ಎ5 ನೋಟ್‌ಬುಕ್ ವಿಮರ್ಶೆ

ಸಮುದಾಯ ಅಭಿವೃದ್ಧಿ ಕೆಲಸದಲ್ಲಿರುವವರ ಚೀಲ ಬಿಚ್ಚಿದರೆ ಹಾಜರಿ ಪುಸ್ತಕ, ಸಭೆಯ ನಡಾವಳಿ, ರಸೀದಿ ಕಟ್ಟು, ಸಮೀಕ್ಷೆಯ ಫಾರ್ಮು ಎಲ್ಲ ಸಿಗುತ್ತವೆ. ಅವೆಲ್ಲ ಊರಿನ ಬಗ್ಗೆ, ಯೋಜನೆಯ ಬಗ್ಗೆ. ಕೆಲಸ ಮಾಡುವವರು ಈ ವರ್ಷ ಏನು ಕಲಿತರು, ಎಲ್ಲಿ ಎಡವಿದರು, ಹೋದ ವರ್ಷ ಬಾರದಿದ್ದ ಯಾವ ಕೆಲಸ ಈಗ ಕೈಗೆ ಹತ್ತಿದೆ ಎಂಬುದಕ್ಕೆ ಮಾತ್ರ ದಾಖಲೆ ಇರುವುದಿಲ್ಲ. ಅದಕ್ಕೆಂದೇ ಇಡುವ ಫೀಲ್ಡ್ ಡೈರಿಗೆ ಯಾವ ಪುಸ್ತಕ ಬಾಳುತ್ತದೆ, ಫೋನಿನ ಫಾರ್ಮು ಅದರ ಜಾಗ ತುಂಬುತ್ತದೆಯೇ ಎಂಬುದು ಇಲ್ಲಿನ ವಿಷಯ. ತೀರ್ಪು ಮೊದಲೇ ಹೇಳಿಬಿಡುತ್ತೇವೆ: ದಾರದಲ್ಲಿ ಹೊಲಿದ, ಗಟ್ಟಿ ರಟ್ಟಿನ ಎ5 ಪುಸ್ತಕ, ಜೊತೆಗೊಂದು ಮಾಮೂಲಿ ಬಾಲ್‌ಪೆನ್.

ಮೊದಲು ಅಳತೆ. ಎ5 ಅಂದರೆ 148 × 210 ಮಿಲಿಮೀಟರ್. ನೆಲದ ಮೇಲೆ ಕೂತು ಮೊಣಕಾಲ ಮೇಲಿಟ್ಟು ಬರೆಯಲು ಇದೇ ಸರಿ. ಎ6 (105 × 148) ಜೇಬಿಗೆ ಹಿಡಿಸುತ್ತದೆ, ಆದರೆ ಸಾಲಿಗೆ ನಾಲ್ಕೇ ಪದ. ಅಂಥ ಪುಸ್ತಕದಲ್ಲಿ ಅಂಕಿ ಬರೆದುಕೊಳ್ಳುತ್ತೇವೆಯೇ ಹೊರತು ಯೋಚನೆಯನ್ನಲ್ಲ. ಎ4 ತೆಗೆದು ಕೂತರೆ ಎದುರಿಗಿರುವವರಿಗೆ ಯಾರೋ ಅಧಿಕಾರಿ ಬಂದು ಬರೆದುಕೊಳ್ಳುತ್ತಿದ್ದಾರೆ ಅನಿಸುತ್ತದೆ, ಮಾತು ಬಿಗಿಯಾಗುತ್ತದೆ.

ಕೊಳ್ಳುವಾಗ ರಟ್ಟಿನ ಚಿತ್ರ ನೋಡಬೇಡಿ, ಬೆನ್ನು ನೋಡಿ. ಮೇಲಿನಿಂದ ಕಣ್ಣು ಹಾಯಿಸಿದಾಗ ಹಾಳೆಗಳು ಸಣ್ಣ ಸಣ್ಣ ಕಂತೆಗಳಾಗಿ ಮಡಚಿಕೊಂಡಿದ್ದು, ಪ್ರತಿ ಕಂತೆಯ ನಡುಮಧ್ಯೆ ದಾರ ಕಂಡರೆ ಅದು ಹೊಲಿದ ಪುಸ್ತಕ. ಒಂಟಿ ಹಾಳೆಗಳ ಅಂಚಿಗೆ ಬರೀ ಅಂಟು ಬಳಿದಿದ್ದರೆ ಬೇಡ. ಬಿಸಿಲಲ್ಲಿ ನಿಂತ ವಾಹನದೊಳಗೆ ಆ ಅಂಟು ಮೆತ್ತಗಾಗುತ್ತದೆ, ಅಗಲಿಸಿ ಅಗಲಿಸಿ ಬರೆಯುವಷ್ಟರಲ್ಲಿ ನಡುವಿನ ಹಾಳೆಗಳು ಕೈಗೇ ಬರುತ್ತವೆ. ಪಿನ್ ಹೊಡೆದ ಪುಸ್ತಕದ ಕಾಟ ಬೇರೆ: ಒಂದು ಹಾಳೆ ಹರಿದರೆ ಅದರ ಜೋಡಿ ಹಾಳೆ ಇನ್ನೊಂದು ಬದಿಯಲ್ಲಿ ಸಡಿಲವಾಗುತ್ತದೆ. ಸ್ಪೈರಲ್ ಪುಸ್ತಕ ಪೂರ್ತಿ ಹಿಂದಕ್ಕೆ ಮಡಚುತ್ತದೆ, ಅದೊಂದು ಸುಖ. ಆದರೆ ಚೀಲದಲ್ಲಿ ತಂತಿ ಬಾಗಿದರೆ ಹಾಳೆ ತಿರುಗುವುದೇ ಇಲ್ಲ. ಅದಕ್ಕಿಂತ ದೊಡ್ಡ ತೊಂದರೆ ಅಂದರೆ ಅದರಿಂದ ಹಾಳೆ ಕೀಳುವುದು ತೀರಾ ಸಲೀಸು. ಮುಜುಗರವಾದ ದಿನದ ಪುಟವೇ ಮೊದಲು ಹೋಗುತ್ತದೆ, ಆರು ತಿಂಗಳು ಬಿಟ್ಟು ಬೇಕಾಗುವುದೂ ಅದೇ ಪುಟ. ಹೊಲಿದ ಪುಸ್ತಕದಲ್ಲಿ ಕಿತ್ತರೆ ಗಾಯ ಉಳಿಯುತ್ತದೆ. ಮೊದಲ ದಿನವೇ ಎಲ್ಲ ಪುಟಕ್ಕೂ ನಂಬರ್ ಹಾಕಿಬಿಟ್ಟರೆ ಕೀಳಲು ಕೈ ಏಳುವುದಿಲ್ಲ.

ಹಾಳೆ, ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ತೂಕದ ಲೆಕ್ಕದಲ್ಲಿ, 70 ರಿಂದ 80 ಜಿಎಸ್‌ಎಂ ಸಾಕು. ಇನ್ನೂ ತೆಳುವಾದರೆ ಅಕ್ಷರ ಹಿಂಬದಿಗೆ ಕಾಣುತ್ತದೆ, 100 ದಾಟಿದರೆ ಪುಸ್ತಕ ಇಟ್ಟಿಗೆಯಾಗುತ್ತದೆ. ಜೆಲ್ ಪೆನ್ನು, ಇಂಕ್ ಪೆನ್ನು ಬೇಡ. ಅವುಗಳಲ್ಲಿ ಹಲವದರ ಮಸಿ ನೀರು ತಾಗಿದರೆ ಹರಡುವಂಥದ್ದು, ಒಂದು ಮಳೆಗೆ ಒಂದು ವಾರದ ಬರಹ ನೀಲಿ ಕಲೆಯಾಗಬಹುದು. ಬಾಲ್‌ಪೆನ್ನಿನದು ಎಣ್ಣೆ ಬೆರೆತ ಮಸಿ, ನೆನೆದರೂ ನಿಲ್ಲುತ್ತದೆ. ಆದರೆ ಒದ್ದೆ ಹಾಳೆಯ ಮೇಲೆ ಅದು ಮೂಡುವುದಿಲ್ಲ, ಹಾಗಾಗಿ ಮಳೆಗಾಲದಲ್ಲಿ ಒಂದು ಪೆನ್ಸಿಲ್ ಜೊತೆಗಿರಲಿ. ‘ಕಲ್ಲಿನ ಕಾಗದ’ ಎಂದು ಮಾರುವ ನೀರು ತಾಗದ ಪುಸ್ತಕಗಳೂ ಇವೆ. ಅದರಲ್ಲಿ ಸುಮಾರು 80 ಭಾಗ ಕ್ಯಾಲ್ಸಿಯಂ ಕಾರ್ಬೊನೇಟ್, ಉಳಿದದ್ದು ಪಾಲಿಎಥಿಲೀನ್. ಮರ ಕಡಿಯದೆ ಮಾಡಿದ್ದು ಎಂಬುದು ನಿಜ, ಪ್ಲಾಸ್ಟಿಕ್ ಇದೆ ಎಂಬುದೂ ಅಷ್ಟೇ ನಿಜ. ರದ್ದಿ ಕಾಗದದ ಜೊತೆ ಹಾಕುವಂತಿಲ್ಲ. ಪರಿಸರದ ಹೆಸರಿನಲ್ಲಿ ಮಾತ್ರ ಅದನ್ನು ಕೊಳ್ಳುವುದಾದರೆ ಬೇಡ. ದಿನವಿಡೀ ನೀರಿನಲ್ಲಿ ನಿಂತು ಕೆಲಸ ಮಾಡುವವರಿಗಾದರೆ ಸರಿ.

192 ಪುಟದ ಪುಸ್ತಕ ಎಷ್ಟು ದಿನ ಬರುತ್ತದೆ? ಮುಂದೆ 4 ಪುಟ ಪರಿವಿಡಿಗೆ, ಹಿಂದೆ 12 ಪುಟ ತ್ರೈಮಾಸಿಕ ಅವಲೋಕನಕ್ಕೆ ಬಿಟ್ಟರೆ ಉಳಿಯುವುದು 176 ಪುಟ, ಅಂದರೆ 88 ಜೋಡಿ ಪುಟ. ವಾರಕ್ಕೆ ಮೂರು ದಿನ ಫೀಲ್ಡಿಗೆ ಹೋಗುವವರಿಗೆ 29 ವಾರ. ವರ್ಷಕ್ಕೆ ಎರಡು ಪುಸ್ತಕ ಎಂದಿಟ್ಟುಕೊಳ್ಳಿ.

ಈ ಲೆಕ್ಕ ದಿನಕ್ಕೊಂದು ಜೋಡಿ ಪುಟ ಎಂಬ ಪದ್ಧತಿಗೆ. ಎಡಪುಟ ‘ನಡೆದದ್ದು’, ಬಲಪುಟ ‘ನನ್ನ ಪಾಲು’. ಎಡಪುಟವನ್ನು ಸ್ಥಳದಲ್ಲೇ ಬರೆಯುವುದು, ಬಲಪುಟವನ್ನು ಅಂದೇ ಸಂಜೆ. ಎರಡನ್ನೂ ಒಂದೇ ಪುಟದಲ್ಲಿ ಬೆರೆಸಿದರೆ ಯಾವುದು ಕಂಡದ್ದು, ಯಾವುದು ಅಂದುಕೊಂಡದ್ದು ಎಂದು ಮೂರು ತಿಂಗಳ ನಂತರ ಬರೆದವರಿಗೇ ತಿಳಿಯುವುದಿಲ್ಲ. ಮಾದರಿಗೆ ಒಂದು ಎಡಪುಟ:

‘ಕೈಪಂಪು ಸಮಿತಿ ಸಭೆ. ಕರೆದದ್ದು 10.30ಕ್ಕೆ, ಶುರುವಾದದ್ದು 11.15ಕ್ಕೆ, 60 ನಿಮಿಷ. ಬಂದವರು 14: ಹೆಂಗಸರು 9, ಗಂಡಸರು 5. ಮಾತಾಡಿದವರು 4, ಅದರಲ್ಲಿ ಹೆಂಗಸರು 1. ತಿಂಗಳ ವಂತಿಗೆ 6 ಮನೆಯಿಂದ ಬಂದಿಲ್ಲ. ವಾಷರ್ ಸವೆದಿದೆ, ನೀರು ಏರಲು ತುಂಬಾ ಹೊತ್ತು ಹೊಡೆಯಬೇಕು.’

ಅದರ ಬಲಪುಟ: ‘35 ನಿಮಿಷ ನಾನೇ ಮಾತಾಡಿದೆ. ವಾಷರ್ ವಿಷಯ ಎತ್ತಿದವರು ಹಿಂದೆ ಕೂತಿದ್ದ ಹೆಂಗಸು, ನಾನು “ಆಮೇಲೆ ನೋಡೋಣ” ಅಂದೆ. ವಂತಿಗೆ ನಿಂತಿರುವುದಕ್ಕೆ ಕಾರಣ ಅವರ ಮಾತಿನಲ್ಲೇ ಇತ್ತೇನೋ. ಮುಂದಿನ ಸಭೆ ಪಂಪಿನ ಹತ್ತಿರವೇ. ಮೊದಲ 15 ನಿಮಿಷ ನಾನು ಬಾಯಿ ಬಿಡುವುದಿಲ್ಲ.’

ಈ ಬಲಪುಟದಲ್ಲಿ ಅಳತೆ ಇದೆ, ಆಡಿದ ಮಾತು ಆಡಿದಂತೆಯೇ ಇದೆ, ಮುಂದೆ ಮಾಡಬೇಕಾದ ಒಂದೇ ಕೆಲಸ ಇದೆ. ‘ಸಭೆ ಯಶಸ್ವಿಯಾಯಿತು, ಜನರ ಸ್ಪಂದನೆ ಉತ್ತಮ’ ಎಂದು ಬರೆದ ಪುಟದಿಂದ ಬರೆದವರು ಏನನ್ನೂ ಕಲಿಯಲಾರರು, ಅದು ವರದಿಯ ಭಾಷೆ. ಅದರ ತದ್ವಿರುದ್ಧ ‘ನನ್ನಿಂದ ಏನೂ ಆಗುತ್ತಿಲ್ಲ’ ಎಂಬ ಪುಟವೂ ಅಷ್ಟೇ ನಿಷ್ಪ್ರಯೋಜಕ. ಎರಡರಲ್ಲೂ ಏನು ನಡೆಯಿತು ಎಂಬುದೇ ಇಲ್ಲ.

ದಿನದ ಬರಹಕ್ಕೆ ‘ಆಫ್ಟರ್ ಆ್ಯಕ್ಷನ್ ರಿವ್ಯೂ’ ಎಂಬ, ಅಮೆರಿಕದ ಸೈನ್ಯದಿಂದ ಬಂದ ನಾಲ್ಕು ಪ್ರಶ್ನೆ ಸಾಕು: ಏನಾಗಬೇಕಿತ್ತು, ಏನಾಯಿತು, ವ್ಯತ್ಯಾಸ ಯಾಕೆ, ಮುಂದೆ ಏನು. 1988ರಲ್ಲಿ ಶಿಕ್ಷಣ ತಜ್ಞ ಗ್ರಹಾಂ ಗಿಬ್ಸ್ ಕೊಟ್ಟ ಆರು ಹಂತದ ಅವಲೋಕನ ಚಕ್ರ (ವಿವರಣೆ, ಭಾವನೆ, ಮೌಲ್ಯಮಾಪನ, ವಿಶ್ಲೇಷಣೆ, ತೀರ್ಮಾನ, ಮುಂದಿನ ಯೋಜನೆ) ತರಬೇತಿಗಳಲ್ಲಿ ಜನಪ್ರಿಯ. ಆದರೆ ದಿನಾ ಆರು ಹಂತ ಬರೆಯಲು ಹೊರಟವರು ಎರಡನೇ ವಾರಕ್ಕೆ ಪುಸ್ತಕ ಮುಚ್ಚುತ್ತಾರೆ. ಅದನ್ನು ತಿಂಗಳಿಗೊಮ್ಮೆ, ಕಾಡುವ ಒಂದೇ ಘಟನೆಗೆ ಬಳಸುವುದು ಮೇಲು.

ಡೈರಿ ನಿಜವಾಗಿ ದುಡಿಯುವುದು ತ್ರೈಮಾಸಿಕ ಅವಲೋಕನದಲ್ಲಿ. ಮೂರು ತಿಂಗಳಿಗೊಮ್ಮೆ ಎರಡು ಗಂಟೆ, ಬೇರೆ ಬಣ್ಣದ ಪೆನ್ನು. ಹಳೆಯದನ್ನು ತಿದ್ದಬಾರದು, ಪಕ್ಕದಲ್ಲಿ ಟಿಪ್ಪಣಿ ಮಾತ್ರ. ಪರಿವಿಡಿಯಲ್ಲಿ ದಿನಾಂಕದ ಜೊತೆ ‘ಎಲ್ಲಿ’, ‘ಯಾರ ಜೊತೆ’ ಎಂಬ ಎರಡು ಕಾಲಂ ಇಟ್ಟಿದ್ದರೆ ಒಂದು ಪರೀಕ್ಷೆ ಮಾಡಬಹುದು. ಗ್ರಾಮೀಣ ಅಭಿವೃದ್ಧಿಗೆ ಹೊರಗಿನಿಂದ ಹೋಗುವವರ ಕಣ್ಣಿಗೆ ಕಟ್ಟುವ ಆರು ಪಟ್ಟಿಗಳನ್ನು, ಅಂದರೆ ಪೂರ್ವಗ್ರಹಗಳನ್ನು, ಅಭಿವೃದ್ಧಿ ಅಧ್ಯಯನದ ವಿದ್ವಾಂಸ ರಾಬರ್ಟ್ ಚೇಂಬರ್ಸ್ 1983ರಲ್ಲೇ ಗುರುತಿಸಿದ್ದರು: ರಸ್ತೆ ಪಕ್ಕದ ಜಾಗಗಳನ್ನೇ ನೋಡುವುದು, ಯೋಜನೆ ಇರುವ ಕಡೆಗೇ ಹೋಗುವುದು, ಮುಖಂಡರು ಮತ್ತು ಗಂಡಸರ ಜೊತೆಗೇ ಮಾತಾಡುವುದು, ಓಡಾಡಲು ಸುಲಭವಾದ ಒಣ ಕಾಲದಲ್ಲೇ ಹೋಗುವುದು, ಮರ್ಯಾದೆಗೆ ಅಂಜಿ ಕಷ್ಟದ ಪ್ರಶ್ನೆ ಕೇಳದಿರುವುದು, ತನ್ನ ವೃತ್ತಿಗೆ ಸೇರಿದ್ದನ್ನಷ್ಟೇ ಕಾಣುವುದು. ಆರಕ್ಕೂ ಒಂದೊಂದು ಗೆರೆ ಎಳೆದು, ಮೂರು ತಿಂಗಳ ಭೇಟಿಗಳನ್ನು ಎಣಿಸಿ. 36 ಭೇಟಿಯಲ್ಲಿ 29 ಟಾರು ರಸ್ತೆಯ ಪಕ್ಕದ್ದೇ ಆಗಿದ್ದರೆ ಮುಂದಿನ ತ್ರೈಮಾಸಿಕದ ಓಡಾಟ ಹೇಗಿರಬೇಕೆಂದು ಯಾರೂ ಹೇಳಬೇಕಾಗಿಲ್ಲ. ಎಣಿಕೆಗೆ ಸಿಗದವು ಕೊನೆಯ ಎರಡು. ಅದಕ್ಕೆ ಬಲಪುಟಗಳನ್ನೇ ಓದಬೇಕು, ‘ಕೇಳೋಣ ಅಂದುಕೊಂಡೆ, ಕೇಳಲಿಲ್ಲ’ ಎಂಬ ಸಾಲು ಎಷ್ಟು ಸಲ ಬಂದಿದೆ ನೋಡಬೇಕು.

ಹಿಂಬದಿಯ 12 ಪುಟದಲ್ಲಿ ಕೌಶಲದ ಏಣಿಯನ್ನೂ ಬರೆದಿಡಬಹುದು. ಕೆನಡಾದ ಅಭಿವೃದ್ಧಿ ಸಂಶೋಧನಾ ಸಂಸ್ಥೆ ಐಡಿಆರ್‌ಸಿ ರೂಪಿಸಿದ ‘ಔಟ್‌ಕಮ್ ಮ್ಯಾಪಿಂಗ್’ ಎಂಬ, ಯೋಜನೆಯ ಪರಿಣಾಮ ಗುರುತಿಸುವ ವಿಧಾನದಲ್ಲಿ ಬದಲಾವಣೆಯನ್ನು ಮೂರು ಮೆಟ್ಟಿಲಲ್ಲಿ ಬರೆಯುತ್ತಾರೆ: ಆಗಲೇಬೇಕಾದ್ದು, ಆದರೆ ಚೆನ್ನ ಅನ್ನುವಂಥದ್ದು, ಆದರೆ ಹಬ್ಬ ಅನ್ನುವಂಥದ್ದು. ಅದು ಸಮುದಾಯದ ಪಾಲುದಾರರಿಗೆಂದು ಮಾಡಿದ್ದು, ನಮ್ಮ ಮೇಲೂ ಪ್ರಯೋಗಿಸಬಹುದು. ಸಭೆ ನಡೆಸುವ ಕೌಶಲವನ್ನೇ ತೆಗೆದುಕೊಳ್ಳಿ. ಮೊದಲ ಮೆಟ್ಟಿಲು, ಹಿಂದಿನ ಸಭೆಯ ತೀರ್ಮಾನಗಳನ್ನು ಪ್ರತಿ ಸಲ ಓದಿ ಹೇಳುವುದು. ಎರಡನೆಯದು, ನಡಾವಳಿಯನ್ನು ಸಮಿತಿಯವರೇ ಬರೆಯುವಂತೆ ಮಾಡುವುದು. ಮೂರನೆಯದು, ನೀವು ಹೋಗದ ತಿಂಗಳಲ್ಲೂ ಸಭೆ ನಡೆದು ವಂತಿಗೆಯ ಲೆಕ್ಕ ಮುಗಿಯುವುದು. ಬಡ್ತಿಯ ಪತ್ರದಲ್ಲಿ ಮೂರನೆಯದಕ್ಕೆ ಕಾಲಂ ಇರುವುದಿಲ್ಲ, ಡೈರಿಯಲ್ಲಿ ಇರಬೇಕು.

ಇನ್ನು ಫೋನು. ಫೋನಿನಲ್ಲೇ ಮಾಹಿತಿ ತುಂಬುವ ಓಡಿಕೆ (ODK), ಕೋಬೊ ಟೂಲ್‌ಬಾಕ್ಸ್‌ನಂಥ ಫಾರ್ಮುಗಳಲ್ಲಿ ನೆಟ್‌ವರ್ಕ್ ಇಲ್ಲದೆಯೂ ಬರೆದಿಟ್ಟು ಆಮೇಲೆ ಕಳಿಸಬಹುದು. ದಿನಾಂಕ ತಾನೇ ಬೀಳುತ್ತದೆ, ಸ್ಥಳ ಮತ್ತು ಫೋಟೊ ಸೇರಿಸಬಹುದು. ಮೇಲೆ ಹೇಳಿದ ರಸ್ತೆ ಪಕ್ಕದ ಎಣಿಕೆಯನ್ನು ಫಾರ್ಮು ಎರಡು ನಿಮಿಷದಲ್ಲಿ ಮುಗಿಸುತ್ತದೆ, ಪುಸ್ತಕದಲ್ಲಿ ಅರ್ಧ ಗಂಟೆ. ಇಷ್ಟೆಲ್ಲ ಇದ್ದೂ ಆತ್ಮಾವಲೋಕನಕ್ಕೆ ಅದನ್ನು ಶಿಫಾರಸು ಮಾಡುವುದಿಲ್ಲ. ಫಾರ್ಮು ಮಾಡಿದವರು ಊಹಿಸಿದ್ದ ಉತ್ತರಗಳಷ್ಟೇ ಆಯ್ಕೆಯಲ್ಲಿ ಇರುತ್ತವೆ, ‘ಇತರೆ’ ಕಾಲಂನಲ್ಲಿ ಹೆಬ್ಬೆರಳಿನಿಂದ ಇಪ್ಪತ್ತು ಸಾಲು ಟೈಪ್ ಮಾಡುವವರು ಕಡಿಮೆ. ಜೊತೆಗೆ ಕಳಿಸಿದ್ದು ಸರ್ವರ್‌ಗೆ ಹೋಗುತ್ತದೆ. ಆ ಪ್ರಾಜೆಕ್ಟ್ ಕಚೇರಿಯ ಖಾತೆಯಲ್ಲಿದ್ದರೆ ಖಾತೆ ಇರುವವರು ಓದಬಲ್ಲರು. ಓದುತ್ತಾರೆ ಎಂದು ಗೊತ್ತಾದ ದಿನವೇ ಬಲಪುಟ ಸಾಯುತ್ತದೆ. ಆಮೇಲೆ ಬರುವುದು ‘ಸ್ಪಂದನೆ ಉತ್ತಮ’.

ಧ್ವನಿ ಮುದ್ರಣದ ತೊಡಕು ಬೇರೆ. ದಾರಿಯಲ್ಲಿ ಐದು ನಿಮಿಷ ಮಾತಾಡಿಟ್ಟುಕೊಳ್ಳುವುದು ಸುಲಭ, ಬರಹಕ್ಕಿಳಿಸಲು ಅದರ ನಾಲ್ಕೈದು ಪಟ್ಟು ಹೊತ್ತು ಬೇಕು. ಫೈಲುಗಳು ಕೂಡಿಬೀಳುತ್ತವೆ, ಮರಳಿ ಕೇಳುವವರಿಲ್ಲ. ಮಾತಾಡಿದ ದಿನವೇ ಕೇಳಿ ಪುಟಕ್ಕೆ ಇಳಿಸುವುದಾದರೆ ಮಾತ್ರ ಉಪಯೋಗ.

ಪುಸ್ತಕಕ್ಕೂ ದೋಷಗಳಿವೆ. ಕಳೆದರೆ ನಕಲಿಲ್ಲ, ಹಾಗಾಗಿ ವಾರಕ್ಕೊಮ್ಮೆ ಪುಟಗಳ ಫೋಟೊ ತೆಗೆದಿಡಿ, ಕಚೇರಿಯ ಫೋನಿನಲ್ಲಲ್ಲ, ಸ್ವಂತದ್ದರಲ್ಲಿ. ಬೇರೆಯವರ ಕೈಗೆ ಸಿಕ್ಕರೆ ಅದರಲ್ಲಿರುವ ಜನರಿಗೆ ತೊಂದರೆ. ಸಾಲ, ಜಗಳ, ಕಾಯಿಲೆಯ ಮಾತುಗಳಿಗೆ ಹೆಸರು ಬರೆಯದೆ ‘ಮನೆ 12’, ‘ಸದಸ್ಯೆ ಕ’ ಎಂದು ಗುರುತು ಹಾಕಿ, ಗುರುತಿನ ಪಟ್ಟಿಯನ್ನು ಬೇರೆ ಕಡೆ ಇಡಿ. ಮೇಲಧಿಕಾರಿ ಡೈರಿ ನೋಡಲೇಬೇಕು ಎಂಬ ನಿಯಮವಿರುವ ಕಡೆ ಎರಡು ಪುಸ್ತಕ ಇಡುವುದೊಂದೇ ದಾರಿ. ಒಂದೇ ಪುಸ್ತಕದಲ್ಲಿ ಬಲಪುಟಗಳನ್ನು ಕ್ಲಿಪ್ ಹಾಕಿ ಮುಚ್ಚುವ ಉಪಾಯ ಉಳಿಯುವುದಿಲ್ಲ, ಕ್ಲಿಪ್ ಇರುವ ಕಡೆಗೇ ಕಣ್ಣು ಹೋಗುತ್ತದೆ.

ವಾರಕ್ಕೆ ಒಂದು ದಿನವೂ ಫೀಲ್ಡಿಗೆ ಹೋಗದವರಿಗೆ ಇಷ್ಟು ದಪ್ಪ ಪುಸ್ತಕ ಬೇಡ, 96 ಪುಟದ್ದು ಸಾಕು. ತಂಡಕ್ಕೆ ಒಟ್ಟಿಗೆ ಖರೀದಿಸುವವರು ರಟ್ಟಿನ ಮೇಲೆ ಸಂಸ್ಥೆಯ ಹೆಸರು ಅಚ್ಚು ಹಾಕಿಸಬೇಡಿ. ಬರೀ ರಟ್ಟು ಇರಲಿ, ಪುಸ್ತಕ ಬರೆಯುವವರದ್ದು.