ಜಿಮ್ನಿಗೆ ದಪ್ಪ ಟೈರ್ ಹಾಕಿಸೋ ಮುಂಚೆ ಇದನ್ನ ಓದಿ

ತಪ್ಪು ನನ್ನದೂ ಇದೆ, ಗೊತ್ತು. ಆದರೂ ಹೊಟ್ಟೆ ಉರಿಯುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಮಾರುತಿಯ ಪುಟ್ಟ ಫೋರ್ ವೀಲ್ ಡ್ರೈವ್ ಗಾಡಿ ಜಿಮ್ನಿಗೆ ಕಂಪನಿಯಿಂದ ಬರೋದು 195/80 ಆರ್15 ಟೈರ್. ಅಂದರೆ ಅಗಲ 195 ಮಿ.ಮೀ., ಪಕ್ಕದ ಗೋಡೆ ಎತ್ತರ ಅದರ 80%, ರಿಮ್ 15 ಇಂಚು. ನೋಡೋಕೆ ಸಣಕಲು, ಒಪ್ಪುತ್ತೇನೆ. ನನ್ನವು ಸವೆದಿದ್ದವು. ಬೆಂಗಳೂರಿನ ಒಂದು ಟೈರ್ ಅಂಗಡಿಗೆ ಹೋಗಿ 215/75 ಕೇಳಿದೆ. ಅವನು ನಕ್ಕುಬಿಟ್ಟ. "ಅದು ಹಾಕಿದ್ರೂ ಒಂದೇ ಬಿಟ್ರೂ ಒಂದೇ ಸಾರ್. 235/75 ಹಾಕಿ, ಗಾಡಿ ಖದರೇ ಬೇರೆ."

"ತಿರುಗಿಸಿದಾಗ ಬಾಡಿಗೆ ಟಚ್ ಆಗಲ್ವಾ?" ಅಂತ ಕೇಳಿದೆ. ಒಂದು ಸಲ ಅಲ್ಲ, ಎರಡು ಸಲ ಕೇಳಿದೆ. "ಗ್ಯಾರಂಟಿ ಸಾರ್."

ಮೋಸ ಹೋಗಿದ್ದು ಇಲ್ಲೇ. ಗಾಡಿ ಜ್ಯಾಕ್ ಮೇಲಿತ್ತು. ಸ್ಟೀರಿಂಗ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ, ಚಕ್ರವನ್ನು ಕೈಯಲ್ಲೇ ಗಿರಗಿರ ಸುತ್ತಿಸಿದ. "ಬೆರಳಿಟ್ಟು ನೋಡಿ ಸಾರ್." ಸಂದಿಯಲ್ಲಿ ಎರಡು ಬೆರಳು ಆರಾಮಾಗಿ ಹೋಯಿತು. ಖುಷಿಯಾಗಿ ನಾಲ್ಕಕ್ಕೆ 40 ಸಾವಿರದ ಹತ್ತಿರ ಕೊಟ್ಟು ಬಂದೆ.

ಜ್ಯಾಕ್ ಹಾಕಿ ಎತ್ತಿದಾಗ ಚಕ್ರ ಕೆಳಗೆ ಜೋತುಬೀಳುತ್ತೆ. ಸಂದಿ ಜಾಸ್ತಿ ಕಾಣಲೇಬೇಕು ಅಲ್ವಾ! ನೆಲಕ್ಕಿಳಿಸಿ, ನಾಲ್ಕು ಜನ ಕೂತರೆ ಸ್ಪ್ರಿಂಗ್ ಅದುಮಿ ಕತೆಯೇ ಬೇರೆ. ಅವನಿಗೆ ಇದು ಗೊತ್ತಿರಲಿಲ್ವಾ? ಗೊತ್ತಿತ್ತು. ನನಗೆ ಹೊಳೆಯಲಿಲ್ಲ.

ಚಾರ್ಮಾಡಿ ಘಾಟಿಯ ಹೇರ್‌ಪಿನ್ನಲ್ಲಿ ಕರ್ರ್ ಅಂತ ಸದ್ದು. ಮುಂದಿನ ತಿರುವಲ್ಲಿ ಮತ್ತೆ. ರಬ್ಬರ್ ಸುಟ್ಟ ವಾಸನೆ. ಹಿಂದೆ ಕೂತಿದ್ದ ಮಾವ, "ಹೊಸ ಟೈರ್ ಅಂದ್ರಿ ಅಳಿಯಂದ್ರೇ?" ಅಂದರು. ಹೆಂಡತಿ ಕಿಟಕಿ ಕಡೆ ತಿರುಗಿದಳು. ಇಳಿದು ಟಾರ್ಚ್ ಬಿಟ್ಟು ನೋಡಿದರೆ ಚಕ್ರದ ಮೇಲಿನ ಕಮಾನಿನ ಒಳಗಿರೋ ಪ್ಲಾಸ್ಟಿಕ್ ಲೈನರ್ ಉಜ್ಜಿ ತೂತಾಗಿತ್ತು, ಮಡ್‌ಫ್ಲ್ಯಾಪ್ ಮೇಲೆ ಕಾಡಿಗೆ ಥರ ರಬ್ಬರ್ ಪುಡಿ.

ವಾಪಸ್ ಹೋಗಿ ಕೇಳಿದೆ. "ಸ್ಟೀರಿಂಗ್ ಫುಲ್ ಕಟ್ ಯಾಕೆ ಹೊಡೀತೀರ ಸಾರ್?" ಹೇರ್‌ಪಿನ್ನಲ್ಲಿ ಮತ್ತೇನು ಹೊಡೀಬೇಕು, ಹಾರ್ನಾ? ಗ್ಯಾರಂಟಿ ಅಂದ್ರಲ್ಲ ಅಂದರೆ, "ಗ್ಯಾರಂಟಿ ಟೈರಿಗೆ ಸಾರ್, ಉಜ್ಜೋದಕ್ಕಲ್ಲ." ಬಿಲ್ ತೆಗೆದೆ. ಅದರಲ್ಲಿ 'ಟೈರ್ 4' ಅಂತ ಮಾತ್ರ ಇದೆ, ಅಳತೆಯೇ ಇಲ್ಲ! ಕೊನೆಗೆ, "ಗಾಡಿ ಎತ್ತರ ಮಾಡೋ ಎರಡು ಇಂಚು ಲಿಫ್ಟ್ ಕಿಟ್ ಹಾಕ್ಸಿಬಿಡಿ, ನಮ್ಮಲ್ಲೇ ಇದೆ." ಇದೆ, ಇರದೆ ಏನು!

ಆಮೇಲೆ ಗೊತ್ತಾಗಿದ್ದು ಇನ್ನೂ ಇದೆ. ಜಿಮ್ನಿ ರಿಮ್ ಅಗಲ 5.5 ಇಂಚು, 235 ಟೈರಿಗೆ ಕಡಿಮೆ ಅಂದರೂ 6 ಬೇಕು. 215/75 ಆಗಿದ್ದರೆ 5.5ಕ್ಕೆ ಕೂರುತ್ತಿತ್ತು. ಅಂದರೆ ನಾನು ಕೇಳಿದ್ದೇ ಸರಿ ಇತ್ತು! ಈ ಟೈರು ಕಂಪನಿ ಟೈರಿಗಿಂತ ಸುಮಾರು 4 ಸೆಂ.ಮೀ. ಎತ್ತರ, ಹತ್ತಿರ ಹತ್ತಿರ 6% ಜಾಸ್ತಿ. ಮೀಟರ್ ತೋರಿಸೋ ವೇಗ, ಕಿಲೋಮೀಟರ್ ಎರಡೂ ಆ ಲೆಕ್ಕಕ್ಕೆ ಕಡಿಮೆ ಬರುತ್ತೆ. ಹಿಂದಿನ ಬಾಗಿಲ ಸ್ಪೇರ್ ಇನ್ನೂ ಹಳೇ ಅಳತೆ. ಪಂಕ್ಚರ್ ಆಗಿ ಅದನ್ನ ಹಾಕಿದರೆ ಫೋರ್ ವೀಲ್ ಹಾಕೋ ಹಾಗಿಲ್ಲ, ಚಕ್ರದ ಅಳತೆ ಬೇರೆ ಬೇರೆ ಇದ್ದರೆ ಗೇರುಗಳ ಮೇಲೆ ಒತ್ತಡ ಬೀಳುತ್ತೆ. ಫೋರ್ ವೀಲ್ ಇರೋದಕ್ಕೇ ತಾನೇ ಈ ಗಾಡಿ ತಗೊಂಡಿದ್ದು?

ಹಾಗಾಗಿ, ಜ್ಯಾಕ್ ಮೇಲೆ ತೋರಿಸಿದರೆ ನಂಬಬೇಡಿ. ಇಳಿಸಿ, ಜನ ಕೂರಿಸಿ, ಪೂರ್ತಿ ತಿರುಗಿಸಿ, ರಿವರ್ಸ್ ಕೂಡ ಹೊಡೆಸಿ. ಬಿಲ್‌ನಲ್ಲಿ ಅಳತೆ ಬರೆಸಿ.

ಟೈರ್ ವಾಪಸ್ ತಗೋ ಮಾರಾಯಾ ಅಂತ ನಿನ್ನೆ ಫೋನ್ ಮಾಡಿದೆ. ಒಂದಕ್ಕೆ 3 ಸಾವಿರ ಕೊಡುತ್ತಾನಂತೆ. "ಆ ಸೈಜ್ ಯಾರೂ ಕೇಳಲ್ಲ ಸಾರ್."